ಹವಾಮಾನ ಬದಲಾವಣೆ: ಗಡಿ ಪಂಚಾಯಿತಿಗಳಿಗೆ ನೀರಿನ ಲೆಕ್ಕವೇ ದಾರಿ

ಹವಾಮಾನ ಬದಲಾವಣೆ ಎಂದರೆ ರಾಯದುರ್ಗ, ಮಡಕಶಿರಾ ಭಾಗದ ಗ್ರಾಮಸಭೆಗಳಲ್ಲಿ ತಲೆ ಎತ್ತುವವರು ಕಡಿಮೆ. ಬೋರು ಬತ್ತಿತು ಎಂದರೆ ಎಲ್ಲರೂ ಕಿವಿಗೊಡುತ್ತಾರೆ. ಪಂಚಾಯಿತಿಗಳು ಜನಬೆಂಬಲ ಗಳಿಸಬೇಕಾದರೆ ಅಲ್ಲಿಂದಲೇ ಆರಂಭಿಸಬೇಕು.

ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 550 ಮಿ.ಮೀ. ಆಸುಪಾಸು (ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ). ಕಣೇಕಲ್, ಬೊಮ್ಮನಹಾಳ್ ಕಡೆ ಹಗರಿಯ ಮರಳು ಗಾಳಿಗೆ ಹಾರಿ ಹೊಲಗಳ ಮೇಲೆ ದಿಬ್ಬಗಟ್ಟಿದೆ. ಇದೇ ಹೊಳೆಯ ಮೇಲ್ಭಾಗದಲ್ಲಿರುವ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಒಮ್ಮೆ ಬರ, ಒಮ್ಮೆ ನೆರೆ. ಶೇಂಗಾ ಎನ್ನಿ, ಕಡಲೆಕಾಯಿ ಎನ್ನಿ, ನಷ್ಟ ಮಾತ್ರ ರೈತನದೇ.

ಕಾನೂನು ಇಲ್ಲವೆಂದಲ್ಲ. ಆಂಧ್ರದ ನೀರು, ಭೂಮಿ ಮತ್ತು ಮರಗಳ ಕಾಯ್ದೆ ಬಂದದ್ದು 2002ರಲ್ಲಿ. ಹೊಸ ಬೋರಿಗೆ ಅನುಮತಿ ಬೇಕೆಂದು ಅದು ಹೇಳುತ್ತದೆ. ಆದರೆ ಪಕ್ಕದ ಹೊಲದವನು ಕೊರೆಸುವಾಗ ಸುಮ್ಮನಿರುವವರು ಯಾರು?

ಕಾಯ್ದೆಗಿಂತ ಹೆಚ್ಚು ಕಲಿಸಿದ್ದು ರೈತರೇ ಅಂತರ್ಜಲ ನಿರ್ವಹಿಸುವ ಒಂದು ಯೋಜನೆ. ಅನಂತಪುರ ಸೇರಿ ಆಗಿನ ಅವಿಭಜಿತ ಆಂಧ್ರದ 7 ಜಿಲ್ಲೆಗಳಲ್ಲಿ ಇದು 2003ರ ಸುಮಾರಿಗೆ ಶುರುವಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿತ್ತು. ಮಳೆ ಎಷ್ಟು ಬಿತ್ತು, ಬೋರಿನ ನೀರು ಎಷ್ಟು ಅಡಿಗಿಳಿಯಿತು ಎಂದು ರೈತರೇ ಅಳೆದು ಊರಿನ ಗೋಡೆಯ ಮೇಲೆ ಬರೆದರು. ಹಿಂಗಾರಿಗೆ ಮುನ್ನ ಎಲ್ಲರೂ ಸೇರಿ, ಇರುವ ನೀರೆಷ್ಟು, ಅಂದುಕೊಂಡ ಬೆಳೆಗೆ ಬೇಕಾದದ್ದೆಷ್ಟು ಎಂದು ಕೂಡಿ ಕಳೆದರು. ಭತ್ತ ಹಾಕಬೇಡ ಎಂದು ಯಾರೂ ಅಪ್ಪಣೆ ಮಾಡಲಿಲ್ಲ. ಲೆಕ್ಕ ನೋಡಿ ಅನೇಕರು ತಾವಾಗಿಯೇ ಬೆಳೆ ಬದಲಿಸಿದರು. ಯೋಜನೆ ಮುಗಿದ ಮೇಲೆ ಹಲವೆಡೆ ಅಳತೆ ನಿಂತಿತು. ಅದನ್ನು ಪಂಚಾಯಿತಿ ಕೈಗೆತ್ತಿಕೊಳ್ಳಬೇಕಿತ್ತು. ಮಹಾರಾಷ್ಟ್ರದ ಹಿವರೆ ಬಾಜಾರ್‌ನಲ್ಲಿ ಗ್ರಾಮಸಭೆಯೇ ಪ್ರತಿವರ್ಷ ನೀರಿನ ಬಜೆಟ್ ಒಪ್ಪುತ್ತದೆ, ಆದ್ದರಿಂದ ಅಲ್ಲಿ ಉಳಿದಿದೆ.

ಲೆಕ್ಕ ಕಷ್ಟವೇನಲ್ಲ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಶಾಲೆಯ ಮಕ್ಕಳೂ ಮಾಡಬಲ್ಲರು.

ಹಣದ ಲೆಕ್ಕವೂ ಹಾಗೆಯೇ ಬಯಲಾಗಬೇಕು. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿ 2ರಂದು ಇದೇ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಉದ್ಘಾಟನೆಯಾಯಿತು. ಮಸ್ಟರ್ ರೋಲನ್ನು ಊರವರ ಮುಂದೆ ಓದಿ ಹೇಳುವ ಸಾಮಾಜಿಕ ಪರಿಶೋಧನೆಯೂ ರಾಜ್ಯದಲ್ಲಿ ಅದೇ ವರ್ಷ ಆರಂಭ. ಕೆರೆ ಹೂಳೆತ್ತಲು, ಗಿಡ ನೆಡಲು ಬಂದ ದುಡ್ಡು ಎಲ್ಲಿ ಹೋಯಿತೆಂದು ತಿಳಿಯದಿದ್ದರೆ ಮುಂದಿನ ಸಭೆಗೆ ಜನ ಏಕೆ ಬರುತ್ತಾರೆ?

ಭಾಷೆಯದೂ ಒಂದು ಮಾತು. ಅಗಳಿ, ರೊಳ್ಳ, ಅಮರಾಪುರದಂಥ ಕಡೆ ಮನೆಮಾತು ಕನ್ನಡವಿರುವವರು ಬಹಳ. ಮಳೆಲೆಕ್ಕದ ಫಲಕದಲ್ಲಿ ತೆಲುಗಿನ ಕೆಳಗೆ ಕನ್ನಡದ ಎರಡು ಸಾಲು ಬರೆಸಲು ಹೆಚ್ಚು ಖರ್ಚಿಲ್ಲ. ಡಂಗುರವೂ ಎರಡೂ ಭಾಷೆಯಲ್ಲಿರಲಿ. ಹೆಂಗಸರು ಹೊಲದ ಕೆಲಸ ಮುಗಿಸಿ ಬರುವ ಹೊತ್ತಿಗೆ ಸಭೆ ಕರೆಯಬೇಕು.

ಸಭೆಯ ತಿಂಗಳೂ ಮುಖ್ಯ. ಅಕ್ಟೋಬರ್‌ನಲ್ಲಿ, ಬೀಜ ಕೊಳ್ಳುವ ಮೊದಲೇ ನಡೆಯಬೇಕು. ನಾಟಿ ಮುಗಿದ ಮೇಲೆ ನೀರಿಲ್ಲ ಎಂದರೆ ಪೈರು ಕೀಳುವವರಿಲ್ಲ. ಇನ್ನೊಂದು ಬೋರು ಕೊರೆಸುತ್ತಾರೆ, ಅದೂ ಸಾಲ ಮಾಡಿ.