ದಿಂಬಂ ಘಾಟಿಯಲ್ಲಿ ಸರಕು ಸಾಗಣೆ: ವ್ಯಾಪಾರಿಗಳು, ವಾಹನ ಮಾಲೀಕರು ತಿಳಿದಿರಬೇಕಾದದ್ದು

ತಾಳವಾಡಿ: ತಾಳವಾಡಿ ಬೆಟ್ಟದಲ್ಲಿ ಬೆಳೆದ ಟೊಮೆಟೊ, ಎಲೆಕೋಸು, ಕಬ್ಬು ಸತ್ಯಮಂಗಲದ ಕಡೆಗೆ ಹೋಗಬೇಕಾದರೆ ದಿಂಬಂನಿಂದ ಬಣ್ಣಾರಿವರೆಗಿನ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ಹಿಂದೆ 209 ಎಂಬ ಸಂಖ್ಯೆಯಿದ್ದ, ಈಗ 948 ಆಗಿರುವ ಈ ರಾಷ್ಟ್ರೀಯ ಹೆದ್ದಾರಿ ಕೊಯಮತ್ತೂರು ಮತ್ತು ಬೆಂಗಳೂರನ್ನು ಜೋಡಿಸುತ್ತದೆ. ಆದರೆ ತಾಳವಾಡಿಯವರಿಗೆ ಇದು ಹೆದ್ದಾರಿಗಿಂತ ಹೆಚ್ಚಾಗಿ ಮಂಡಿಯ ದಾರಿ.

ಈ ದಾರಿ ಸತ್ಯಮಂಗಲ ಹುಲಿ ಮೀಸಲು ಅರಣ್ಯದ ಮೂಲಕ ಹಾದುಹೋಗುತ್ತದೆ. 2008ರಲ್ಲಿ ವನ್ಯಜೀವಿ ಧಾಮವಾಗಿದ್ದ ಈ ಕಾಡು 2013ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2019ರ ಜನವರಿಯಲ್ಲಿ ಈರೋಡ್ ಜಿಲ್ಲಾಧಿಕಾರಿ ರಾತ್ರಿ ಸಂಚಾರ ನಿಷೇಧಿಸಿ ಆದೇಶ ಹೊರಡಿಸಿದರು. ಅದು ಜಾರಿಗೆ ಬಂದದ್ದು ಮದ್ರಾಸ್ ಹೈಕೋರ್ಟ್ ಸೂಚನೆಯ ನಂತರ, 2022ರ ಫೆಬ್ರುವರಿ 10ರಂದು. ತಾಳವಾಡಿಯ ರೈತರು, ವ್ಯಾಪಾರಿಗಳು ಪ್ರತಿಭಟಿಸಿದರು. ಏಪ್ರಿಲ್‌ನಲ್ಲಿ ನ್ಯಾಯಾಲಯ ಸ್ಥಳೀಯರಿಗೆ ಕೆಲವು ವಿನಾಯಿತಿ ನೀಡಿತು, ಜೊತೆಗೆ 16.2 ಟನ್ನಿಗಿಂತ ಹೆಚ್ಚು ಭಾರದ ವಾಹನಗಳನ್ನು ತಡೆಯಿತು. ಬಂಡೀಪುರದ ರಸ್ತೆಗಳಲ್ಲಿ 2009ರಿಂದಲೇ ಇಂಥ ನಿರ್ಬಂಧ ನೋಡಿದ ಗಡಿ ಜನರಿಗೆ ಇದು ಹೊಸದೇನಲ್ಲ. ವಾಹನದ ಬಗೆಗೆ ತಕ್ಕಂತೆ ಸಮಯ ಬೇರೆಯಾಗುವುದರಿಂದ ಲೋಡ್ ಮಾಡುವ ಮುನ್ನ ಚೆಕ್‌ಪೋಸ್ಟ್‌ನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಸಮಯಕ್ಕೆ ಗೇಟು ದಾಟಬೇಕೆಂಬ ಅವಸರವೇ ಈಗ ಹೊಸ ಅಪಾಯ. ಹೊಲದಲ್ಲಿ ಕೊಯ್ಲು ಒಂದು ಗಂಟೆ ತಡವಾದರೆ ಆ ಗಂಟೆಯನ್ನು ಚಾಲಕ ಘಾಟಿಯಲ್ಲಿ ಉಳಿಸಲು ನೋಡುತ್ತಾನೆ. ಕೊಯ್ಲು ಬೇಗ ಮುಗಿಸುವುದು ವ್ಯಾಪಾರಿಯ ಕೆಲಸ, ಚಾಲಕನ ಮೇಲೆ ಹಾಕಬಾರದು.

ಇಳಿಜಾರಿನಲ್ಲಿ ಹತ್ತುವಾಗ ಬಳಸುವ ಗೇರಿನಲ್ಲೇ ಇಳಿಯಬೇಕು. ಆಗ ಎಂಜಿನ್ನೇ ವಾಹನವನ್ನು ಹಿಡಿದಿಡುತ್ತದೆ. ಬ್ರೇಕನ್ನು ಒತ್ತಿಯೇ ಇಳಿದರೆ ಲೈನರ್ ಕಾದು ಹಿಡಿತ ತಪ್ಪುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ನಿಲ್ಲಿಸುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಏರ್ ಬ್ರೇಕ್ ಇರುವ ಲಾರಿಯಲ್ಲಿ ಎಂಜಿನ್ ನಿಂತರೆ ಗಾಳಿ ತುಂಬುವುದೂ ನಿಲ್ಲುತ್ತದೆ, ನಾಲ್ಕೈದು ಸಲ ಬ್ರೇಕ್ ಒತ್ತುವುದರೊಳಗೆ ಒತ್ತಡ ಇಳಿಯುತ್ತಾ ಹೋಗುತ್ತದೆ. ಇಕ್ಕಟ್ಟಾದ ಕಡೆ ಹತ್ತಿ ಬರುವ ವಾಹನಕ್ಕೆ ದಾರಿ ಬಿಡಬೇಕು ಎಂಬುದು ನಿಯಮ. ಕೆಟ್ಟು ನಿಂತ ಲಾರಿಯ ಚಕ್ರಕ್ಕೆ ಕಲ್ಲು ಕೊಡುವುದು ಎಲ್ಲರಿಗೂ ಗೊತ್ತು. ಹೊರಡುವಾಗ ಆ ಕಲ್ಲು ತೆಗೆಯುವುದು ಮಾತ್ರ ಬಹಳ ಜನಕ್ಕೆ ಮರೆಯುತ್ತದೆ, ಹಿಂದೆ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ.

ಕಬ್ಬಿನ ಲಾರಿಗಳದ್ದು ಬೇರೆಯೇ ಕಥೆ. ಹಾಸನೂರು, ಕಾರಪಳ್ಳಂ ಸುತ್ತಮುತ್ತ ಆನೆಗಳು ಕಬ್ಬಿಗಾಗಿ ರಸ್ತೆಯಲ್ಲಿ ಕಾಯುವುದು ಅಭ್ಯಾಸವಾಗಿದೆ. ಕಬ್ಬು ಎಸೆದು ಪಾರಾಗುವುದು ಸುಲಭವೆನಿಸಿದರೂ ಮುಂದಿನ ಲಾರಿಯನ್ನೂ ಆನೆ ಅದಕ್ಕಾಗಿಯೇ ತಡೆಯುತ್ತದೆ. ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ, ಕೆಳಗಿಳಿಯದೆ ಕಾಯುವುದೇ ಸರಿ.

ಅತಿಭಾರಕ್ಕೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ. ಆದರೆ ಮಾಲೀಕನನ್ನು ಮುಳುಗಿಸುವುದು ಈ ದಂಡವಲ್ಲ, ಸರಕಿನ ಮೇಲೆ ಜನರನ್ನು ಕೂರಿಸುವುದು. ಗೂಡ್ಸ್ ವಾಹನದಲ್ಲಿ ಸುಮ್ಮನೆ ಹತ್ತಿ ಬಂದ ಪ್ರಯಾಣಿಕ ಅಪಘಾತದಲ್ಲಿ ಸತ್ತರೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ 1994ರ ತಿದ್ದುಪಡಿಯ ನಂತರ ರಕ್ಷಣೆ ಇದೆ. ವಾಹನ ಮಾಲೀಕನೇ ಕೆಲಸಕ್ಕಿಟ್ಟ ಆಳುಗಳಿಗೂ ಇದೆ. ಆದರೆ 'ಊರಿನವರು, ಹತ್ತಿಸಿಕೊಳ್ಳಪ್ಪಾ' ಎಂದು ಹತ್ತಿಸಿಕೊಂಡವರಿಗೆ ಇಲ್ಲ. ಕೆಲವು ಪ್ರಕರಣಗಳಲ್ಲಿ ಕಂಪನಿಯೇ ಮೊದಲು ಹಣ ಕೊಟ್ಟು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯ ಹೇಳುವುದುಂಟು. ಆಗ ಸತ್ತವನ ಮನೆಯವರಿಗೆ ಹಣ ಸಿಗುತ್ತದೆ, ಮಾಲೀಕನ ಹೊಲಕ್ಕೆ ನೋಟಿಸು ಬರುತ್ತದೆ. ಆಳುಗಳನ್ನು ಬಸ್ಸಿನಲ್ಲಿ ಕಳಿಸುವ ಖರ್ಚು ಇದರ ಮುಂದೆ ಏನೂ ಅಲ್ಲ.

ಮೂರನೇ ವ್ಯಕ್ತಿಯ ವಿಮೆ ಒಳಗಿನ ಸರಕಿನ ನಷ್ಟವನ್ನು ಭರಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಪಾಲಿಸಿ ಬೇಕು. ಟೊಮೆಟೊಗೆ ಅಷ್ಟೆಲ್ಲಾ ಯಾರು ಮಾಡಿಸುತ್ತಾರೆ ಎಂದು ಕೇಳಬಹುದು. ಘಾಟಿಯಲ್ಲಿ ಒಂದು ಲಾರಿ ಪಲ್ಟಿಯಾದರೆ ಹಿಂದಿನವೆಲ್ಲ ಗಂಟೆಗಟ್ಟಲೆ ನಿಲ್ಲುತ್ತವೆ, ಹಣ್ಣಾದ ಟೊಮೆಟೊ ನಿಲ್ಲುವುದಿಲ್ಲ. ಅಂಥ ದಿನಕ್ಕೆ ಘಾಟಿ ಇಳಿಯದೆ ಹೋಗಬಹುದಾದ ಚಾಮರಾಜನಗರದ ಕಡೆ ಒಬ್ಬ ಖರೀದಿದಾರನನ್ನು ಗುರುತಿಟ್ಟುಕೊಂಡಿರಬೇಕು. ಎರಡೂ ಭಾಷೆ ಬಲ್ಲ ತಾಳವಾಡಿಯವರಿಗೆ ಇದು ಕಷ್ಟವಲ್ಲ. ಒಟ್ಟು ಭಾರ 3,000 ಕಿಲೋ ಮೀರದ ಗೂಡ್ಸ್ ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ದೊಡ್ಡ ಲಾರಿಯಾದರೆ ಪರ್ಮಿಟ್ ಕರ್ನಾಟಕಕ್ಕೂ ಸಲ್ಲುತ್ತದೆಯೇ ಎಂದು ಪುಣಜನೂರು ಚೆಕ್‌ಪೋಸ್ಟ್ ತಲುಪುವ ಮೊದಲೇ ನೋಡಿಕೊಳ್ಳಬೇಕು.