ಸುಳ್ಳು ಚಿಮಣಿಯ ದೋಣಿ: ದುಡಿಯೋ ಟಗ್ ರಜೆಯ ಮನೆಯಾದ ಕಥೆ

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ಸುಳ್ಳು ಚಿಮಣಿಯಿಂದ.

ಅಮೆರಿಕದ ವಾಯವ್ಯ ಮೂಲೆಯಲ್ಲಿ, ಸಿಯಾಟಲ್ ಸುತ್ತಮುತ್ತ, ಒಂದು ಜಾತಿಯ ಪುಟ್ಟ ದೋಣಿಗಳಿವೆ. 21 ಅಡಿಯಿಂದ ಶುರುವಾಗಿ 30-40 ಅಡಿ ಉದ್ದದವರೆಗೆ. ಎತ್ತರದ ಮೂತಿ, ನೆಟ್ಟಗೆ ನಿಂತ ಗಾಜಿನ ಕ್ಯಾಬಿನ್, ಹಿಂದೆ ತಗ್ಗಾದ ಡೆಕ್, ಮೇಲೆ ಬಣ್ಣ ಬಳಿದ ಒಂದು ಚಿಮಣಿ. ಮಕ್ಕಳ ಡ್ರಾಯಿಂಗ್ ಬುಕ್‌ನಿಂದ ಎದ್ದು ಬಂದ ಹಾಗೆ. ಚಿಮಣಿಯಿಂದ ಹೊಗೆ ಮಾತ್ರ ಬರಲ್ಲ. ಎಷ್ಟೋ ದೋಣಿಗಳಲ್ಲಿ ಅದು ಬರೀ ಅಲಂಕಾರ. ಇದನ್ನ ಕೊಳ್ಳೋರು ಹೆಚ್ಚಾಗಿ ರಿಟೈರ್ ಆದ ಗಂಡ-ಹೆಂಡತಿ. ಹೊಸದು ಬೇಕಂದ್ರೆ ಬೆಂಗಳೂರಲ್ಲಿ ಒಂದು ಒಳ್ಳೆ ಫ್ಲ್ಯಾಟ್ ಬರೋವಷ್ಟು ದುಡ್ಡು.

ಮೊದಲ ಸಲ ಫೋಟೋ ನೋಡಿದಾಗ ನಾನು ನಕ್ಕಿದ್ದೆ. ದುಡ್ಡಿದ್ದವರ ವೇಷ ಅನ್ನಿಸಿತ್ತು. ಯಾಕಂದ್ರೆ ನಮ್ಮ ಕರಾವಳಿ ಕಡೆಯವರಿಗೆ ಟಗ್ ಅಂದ್ರೆ ಆಟಿಕೆ ಅಲ್ಲ. 2021ರ ಮೇ ತಿಂಗಳು ನೆನಪಿದೆಯಾ? ಲಾಕ್‌ಡೌನ್, ಅದರ ಮೇಲೆ ತೌಕ್ತೆ ಚಂಡಮಾರುತ. ಕಾಪು ಹತ್ತಿರ ಸಮುದ್ರದಲ್ಲಿ ಒಂದು ಟಗ್ ಬಂಡೆಗೆ ಸಿಕ್ಕಿಕೊಂಡಿತ್ತು. ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕೋಸ್ಟ್ ಗಾರ್ಡ್ ಸೇರಿ ಒಳಗಿದ್ದ 9 ಜನರನ್ನೂ ಉಳಿಸಿದರು. ಆ ವಿಡಿಯೋ ಎಲ್ಲರ ವಾಟ್ಸಾಪ್‌ನಲ್ಲೂ ಓಡಾಡಿತ್ತು. ಅದೇ ದಿನಗಳಲ್ಲಿ ಇನ್ನೊಂದು ಟಗ್, ‘ಅಲಯನ್ಸ್’, ಮಗುಚಿ ಪಡುಬಿದ್ರಿ ಕಡೆ ದಡಕ್ಕೆ ಬಂತು. ಅದರಲ್ಲಿದ್ದ ಎಲ್ಲರೂ ಬದುಕಿ ಬರಲಿಲ್ಲ.

ಜನ ಜೀವ ಕೈಯಲ್ಲಿ ಹಿಡಿದು ದುಡಿಯೋ ಒಂದು ದೋಣಿಯ ಆಕಾರ, ಇನ್ನೊಂದು ದೇಶದಲ್ಲಿ ವೀಕೆಂಡ್ ಮನೆ ಹೇಗಾಯ್ತು? ಇದೇ ಇವತ್ತಿನ ಪ್ರಶ್ನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1803ರ ಮಾರ್ಚ್, ಸ್ಕಾಟ್ಲೆಂಡ್. ಫೋರ್ತ್ ಮತ್ತು ಕ್ಲೈಡ್ ಕಾಲುವೆಯಲ್ಲಿ ವಿಲಿಯಂ ಸಿಮಿಂಗ್ಟನ್ ಎಂಬ ಎಂಜಿನಿಯರ್ ತಯಾರಿಸಿದ ‘ಷಾರ್ಲೆಟ್ ಡಂಡಸ್’ ಎಂಬ ಉಗಿ ದೋಣಿ, ತಲಾ 70 ಟನ್‌ನ ಎರಡು ದೋಣಿಗಳನ್ನ ಸುಮಾರು 30 ಕಿಲೋಮೀಟರ್ ಎಳೆದುಕೊಂಡು ಗ್ಲಾಸ್ಗೋ ತನಕ ಹೋಯ್ತು. ಅಲ್ಲಿಯವರೆಗೆ ಕಾಲುವೆಯಲ್ಲಿ ದೋಣಿ ಎಳೀತಿದ್ದದ್ದು ದಡದ ಮೇಲೆ ನಡೆಯೋ ಕುದುರೆಗಳು. ಪ್ರಯೋಗ ಪಾಸ್ ಆಯ್ತು, ಆದರೆ ಅಲೆಗೆ ಕಾಲುವೆ ದಂಡೆ ಕುಸಿಯುತ್ತೆ ಅಂತ ಮಾಲೀಕರು ಹೆದರಿದರು. ದೋಣಿ ಮೂಲೆ ಸೇರಿತು. ಸ್ಟಾರ್ಟಪ್ ಮಾಡಿದ ಗೆಳೆಯರಿಗೆ ಈ ಕಥೆ ಹೊಸದೇನಲ್ಲ.

ಆಮೇಲೆ ಉಗಿ ಟಗ್‌ಗಳು ಎಲ್ಲಾ ಬಂದರಿಗೂ ಬಂದವು. ಆ ಕೆಲಸಕ್ಕೆ ತಕ್ಕ ಹಾಗೆ ಆಕಾರವೂ ಬಂತು. ಎದುರಿನ ಅಲೆ ಸೀಳೋಕೆ ಎತ್ತರದ ಮೂತಿ. ಮಳೆ, ಮಂಜು ಇದ್ದರೂ ನಾಲ್ಕೂ ಕಡೆ ಕಾಣಲಿ ಅಂತ ಮುಂದೆ ಎತ್ತರದಲ್ಲಿ ಚುಕ್ಕಾಣಿ ಕೋಣೆ. ಎಳೆಯೋ ಹಗ್ಗ ಎಡಕ್ಕೂ ಬಲಕ್ಕೂ ಆಡಬೇಕಲ್ಲ, ಅದಕ್ಕೆ ಹಿಂದೆ ತಗ್ಗಾದ, ಖಾಲಿ ಡೆಕ್. ಹಗ್ಗ ಕಟ್ಟೋ ಕೊಕ್ಕೆ ತೀರಾ ಹಿಂತುದಿಯಲ್ಲಿ ಇರಲ್ಲ, ಮಧ್ಯಭಾಗದ ಹತ್ತಿರ ಇರುತ್ತೆ. ಇಲ್ಲದಿದ್ರೆ ಟಗ್ ಬೇಕಾದ ಕಡೆ ತಿರುಗೋಕೇ ಆಗಲ್ಲ. ಅಪಾಯ ಇರೋದೂ ಅಲ್ಲೇ. ಹಿಂದಿನ ಭಾರದ ಹಡಗು ಪಕ್ಕಕ್ಕೆ ಜಗ್ಗಿದರೆ ಹಗ್ಗ ಟಗ್ಗನ್ನ ಅಡ್ಡಕ್ಕೆ ಎಳೆದು, ಕೆಲವೇ ಕ್ಷಣದಲ್ಲಿ ಮಗುಚಿ ಹಾಕಬಹುದು. ಟಗ್‌ನವರು ಇವತ್ತಿಗೂ ಅತಿ ಹೆಚ್ಚು ಹೆದರೋ ಸಂಗತಿಗಳಲ್ಲಿ ಇದೊಂದು.

ಈಗ ಸಿಯಾಟಲ್ ಕಡೆಗೆ. ಅಲ್ಲಿ ಪ್ಯೂಜೆಟ್ ಸೌಂಡ್ ಅಂತ ಸಮುದ್ರದ ಒಂದು ದೊಡ್ಡ ತೋಳು ನೆಲದೊಳಗೆ ನುಗ್ಗಿದೆ. ದ್ವೀಪಗಳು, ಕಾಡು, ತಣ್ಣನೆ ಮಳೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿಯ ಮುಖ್ಯ ದಂಧೆ ಮರ. ದಿಮ್ಮಿಗಳನ್ನ ತೆಪ್ಪದ ಹಾಗೆ ಕಟ್ಟಿ, ನಡೆಯೋ ವೇಗದಲ್ಲಿ, ದಿನಗಟ್ಟಲೆ ಎಳೆದು ಮಿಲ್ಲಿಗೆ ಮುಟ್ಟಿಸೋದು ಟಗ್‌ಗಳ ಕೆಲಸ.

ಅಲ್ಲೇ ಟಕೋಮಾ ಎಂಬ ಊರಲ್ಲಿ 1889ರಲ್ಲಿ ನಾರ್ವೆಯಿಂದ ವಲಸೆ ಬಂದ ಥಿಯಾ ಫಾಸ್ ಎಂಬ ಹೆಂಗಸು ಇದ್ದಳು. ಗಂಡ ಆಂಡ್ರ್ಯೂ ಬಡಗಿ, ಕೆಲಸಕ್ಕೆ ಅಂತ ಊರು ಬಿಟ್ಟಿದ್ದ. ಈಕೆ 5 ಡಾಲರ್ ಕೊಟ್ಟು ಒಂದು ಹಳೇ ಹುಟ್ಟು ದೋಣಿ ಕೊಂಡಳು. ಬಣ್ಣ ಬಳಿದಳು, ಲಾಭಕ್ಕೆ ಮಾರಿದಳು. ಬಂದ ದುಡ್ಡಲ್ಲಿ ಮತ್ತೆ ದೋಣಿ ಕೊಂಡಳು. ಆಮೇಲೆ ಮಾರೋದು ಬಿಟ್ಟು ಬಾಡಿಗೆಗೆ ಕೊಡೋಕೆ ಶುರು ಮಾಡಿದಳು. ಬಿ.ಕಾಂ.ನಲ್ಲಿ ವರ್ಕಿಂಗ್ ಕ್ಯಾಪಿಟಲ್ ಅಂದ್ರೇನು ಅಂತ ಮೂರು ವರ್ಷ ಓದಿದ್ರೂ ನನಗೆ ಇಷ್ಟು ಚೆನ್ನಾಗಿ ಅರ್ಥ ಆಗಿರಲಿಲ್ಲ. ಆ 5 ಡಾಲರ್‌ನಿಂದ ಬೆಳೆದದ್ದೇ ಫಾಸ್ ಟಗ್ ಕಂಪನಿ, ಅಮೆರಿಕದ ಪಶ್ಚಿಮ ತೀರದ ದೊಡ್ಡ ಹೆಸರು. ಹಸಿರು-ಬಿಳಿ ಬಣ್ಣ ಅವರ ಗುರುತು.

1930ರ ದಶಕದ ಶುರುವಲ್ಲಿ ‘ಟಗ್‌ಬೋಟ್ ಆ್ಯನಿ’ ಎಂಬ ಗಟ್ಟಿಗಿತ್ತಿ ಕ್ಯಾಪ್ಟನ್‌ಳ ಕಥೆಗಳು ಪತ್ರಿಕೆಯಲ್ಲಿ ಬಂದು, 1933ರಲ್ಲಿ ಸಿನಿಮಾ ಆಯ್ತು. ಆ ಪಾತ್ರಕ್ಕೆ ಸ್ಫೂರ್ತಿ ಥಿಯಾ ಅಂತ ಹೇಳೋದುಂಟು. ಸಿನಿಮಾದಲ್ಲಿ ಕಾಣಿಸಿಕೊಂಡ ಟಗ್‌ನ ಕಥೆ ಇನ್ನೂ ರೋಚಕ. 1889ರಲ್ಲಿ ‘ವಲ್ಲೋವಾ’ ಅಂತ ಹುಟ್ಟಿದ ಮರದ ಟಗ್ ಅದು. ಹಾಯಿ ಹಡಗುಗಳನ್ನ ಕೊಲಂಬಿಯಾ ನದಿಯ ಅಪಾಯಕಾರಿ ಅಳಿವೆ ದಾಟಿಸ್ತಿತ್ತು. ಕ್ಲಾಂಡೈಕ್ ಚಿನ್ನದ ಹುಚ್ಚಿನ ಕಾಲದಲ್ಲಿ ಅಲಾಸ್ಕಾ ಕಡೆ ದುಡಿಯಿತು. ಆಮೇಲೆ ಫಾಸ್ ಕಂಪನಿ ಸೇರಿ, ಡೀಸೆಲ್ ಎಂಜಿನ್ ಹಾಕಿಸಿಕೊಂಡು ‘ಆರ್ಥರ್ ಫಾಸ್’ ಆಯ್ತು. 1941ರಲ್ಲಿ ಪೆಸಿಫಿಕ್‌ನ ವೇಕ್ ದ್ವೀಪಕ್ಕೆ ಹೋಗಿ, ಜಪಾನ್ ದಾಳಿಗೆ ಕೆಲವೇ ದಿನ ಮೊದಲು ಅಲ್ಲಿಂದ ಹೊರಟು ಬಚಾವಾಯ್ತು. ಈಗ ಅದು ಸಿಯಾಟಲ್‌ನ ಲೇಕ್ ಯೂನಿಯನ್‌ನಲ್ಲಿ ತೇಲೋ ಸ್ಮಾರಕ.

ಅಂದ್ರೆ ಆ ಊರಿನವರಿಗೆ ಟಗ್ ಅನ್ನೋದು ಅಜ್ಜಿ ಕಥೆಯಲ್ಲಿ ಬರೋ ಎತ್ತಿನ ಗಾಡಿ ಇದ್ದ ಹಾಗೆ. ಆದರೆ ಬರೀ ಸೆಂಟಿಮೆಂಟಿಗೆ ಮಾರ್ಕೆಟ್ ಹುಟ್ಟಲ್ಲ. ಅದಕ್ಕೆ ಒಂದು ಬಿಕ್ಕಟ್ಟು ಬೇಕಾಯ್ತು. ಅದು ಬಂದದ್ದು ಇರಾನ್‌ನಿಂದ.

1979ರ ಇರಾನ್ ಕ್ರಾಂತಿಯ ನಂತರ ಸುಮಾರು ಒಂದು ವರ್ಷದಲ್ಲಿ ಕಚ್ಚಾ ತೈಲದ ಬೆಲೆ ದುಪ್ಪಟ್ಟಿಗಿಂತ ಹೆಚ್ಚಾಯ್ತು. ಅಮೆರಿಕದ ಪೆಟ್ರೋಲ್ ಬಂಕ್‌ಗಳ ಮುಂದೆ ಕ್ಯೂ. ಗಂಟೆಗೆ ಬ್ಯಾರೆಲ್‌ಗಟ್ಟಲೆ ಕುಡಿಯೋ ಸ್ಪೀಡ್ ಬೋಟನ್ನ ಈಗ ಯಾರು ಕೊಳ್ತಾರೆ? ಅಲ್ಲಿ ಹಾಯಿ ದೋಣಿ ತಯಾರಿಸ್ತಿದ್ದ ಜೆರ್ರಿ ಹಸ್ಟೆಡ್ ಎಂಬಾತ ಬೇರೆ ಲೆಕ್ಕ ಹಾಕಿದ. ಲಿನ್ ಸೆನೂರ್ ಎಂಬ ಡಿಸೈನರ್ ಕೈಯಲ್ಲಿ 26 ಅಡಿಯ ಪುಟ್ಟ ಟಗ್ ಬರೆಸಿದ. ಅದೇ ನಾರ್ಡಿಕ್ ಟಗ್ 26. 1980ರ ಸಿಯಾಟಲ್ ಬೋಟ್ ಶೋನಲ್ಲಿ 30 ಸಾವಿರ ಡಾಲರ್‌ಗೆ ಸ್ವಲ್ಪ ಕಮ್ಮಿ ಬೆಲೆಗೆ ಇಟ್ಟಾಗ ಆರ್ಡರ್‌ಗಳು ಮುಗಿಬಿದ್ದವು.

ಗುಟ್ಟು ಇದ್ದದ್ದು ನಿಧಾನದಲ್ಲಿ. ದೋಣಿ ಹೋಗುವಾಗ ತನ್ನದೇ ಅಲೆ ಎಬ್ಬಿಸುತ್ತೆ. ಒಂದು ಮಿತಿ ದಾಟಿದ್ರೆ ಆ ಅಲೆಯನ್ನೇ ಗುಡ್ಡದ ಹಾಗೆ ಹತ್ತಬೇಕು, ಇಂಧನವೆಲ್ಲ ಅದಕ್ಕೇ ಖರ್ಚು. ಆ ಮಿತಿಗೆ ಒಂದು ಸುಲಭ ಸೂತ್ರ ಇದೆ: ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಡಿ ಉದ್ದವೋ ಅದರ ವರ್ಗಮೂಲವನ್ನ 1.34ರಿಂದ ಗುಣಿಸಿ. 25 ಅಡಿ ಅಂದ್ರೆ 6.7 ನಾಟ್, ಗಂಟೆಗೆ ಸುಮಾರು 12 ಕಿಲೋಮೀಟರ್. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಇದು ರಾಕೆಟ್ ಸ್ಪೀಡು ಬಿಡಿ! ಆ ಮಿತಿಯೊಳಗೇ ಇದ್ದರೆ ಚಿಕ್ಕ ಡೀಸೆಲ್ ಎಂಜಿನ್ ಸಾಕು. ಸಮಸ್ಯೆ ಏನಂದ್ರೆ, ನಿಧಾನದ ದೋಣಿಯನ್ನ ದುಡ್ಡು ಕೊಟ್ಟು ಕೊಂಡವರು ಮುಜುಗರ ಪಡ್ತಾರೆ. ಆದರೆ ಟಗ್ ನಿಧಾನ ಹೋದ್ರೆ ಯಾರೂ ನಗಲ್ಲ, ಅದು ಹೋಗೋದೇ ಹಾಗೆ. ನನ್ನ ಪ್ರಕಾರ ಆ ಸುಳ್ಳು ಚಿಮಣಿಯ ನಿಜವಾದ ಕೆಲಸ ಇದು: ನಿಧಾನಕ್ಕೆ ಒಂದು ಮರ್ಯಾದೆ ಕೊಟ್ಟದ್ದು.

ಅದೇ ಸಮಯಕ್ಕೆ ತೈವಾನ್‌ನಲ್ಲಿ 37 ಅಡಿಯ ‘ಲಾರ್ಡ್ ನೆಲ್ಸನ್ ವಿಕ್ಟರಿ ಟಗ್’ ತಯಾರಾಯ್ತು. ಅದು ಕೆಲವೇ ವರ್ಷ ನಡೆದು ನಿಂತಿತು. ಇತ್ತ ಸಿಯಾಟಲ್ ದಕ್ಷಿಣದ ಕೆಂಟ್‌ನಲ್ಲಿ ಹೋವರ್ಡ್ ಸ್ಮಿತ್ ಶುರು ಮಾಡಿದ್ದ ರೇಂಜರ್, ಮುಂದೆ ಲಿವಿಂಗ್‌ಸ್ಟನ್ ಕುಟುಂಬದ ಕೈಗೆ ಬಂದಮೇಲೆ ಸರಿಯಾಗಿ ಬೆಳೆಯಿತು. ಅವರು ಹಿಡಿದದ್ದು ಒಂದು ಅಂಕಿಯನ್ನ: ಎಂಟೂವರೆ ಅಡಿ. ಅಮೆರಿಕದ ರಸ್ತೆಯಲ್ಲಿ ಸ್ಪೆಷಲ್ ಪರ್ಮಿಟ್ ಇಲ್ಲದೆ ಎಳೆದುಕೊಂಡು ಹೋಗಬಹುದಾದ ಅಗಲ ಅಷ್ಟೇ. ರೇಂಜರ್ 25ರ ಅಗಲವೂ ಅಷ್ಟೇ. ನೋಡಿ ತಮಾಷೆ, ಎಳೆಯೋಕೆ ಹುಟ್ಟಿದ ದೋಣಿಯನ್ನ ಈಗ ಪಿಕಪ್ ಟ್ರಕ್ ಎಳೆಯುತ್ತೆ.

ಈಗ ಕೊಳ್ಳೋ ವಿಷಯಕ್ಕೆ ಬರೋಣ, ಕಾಮರ್ಸ್‌ನವನು ಬಿಡ್ತೀನಾ. ಅಮೆರಿಕದ ತೆರಿಗೆ ಕಾನೂನಿನಲ್ಲಿ ಮಲಗೋಕೆ ಜಾಗ, ಅಡುಗೆ ವ್ಯವಸ್ಥೆ, ಟಾಯ್ಲೆಟ್ ಈ ಮೂರೂ ಇದ್ದರೆ ಬೋಟ್ ಕೂಡ ‘ಮನೆ’. ಅದನ್ನ ಎರಡನೇ ಮನೆ ಅಂತ ತೋರಿಸಿ, ಸಾಲದ ಬಡ್ಡಿಗೆ ವಿನಾಯಿತಿ ಕೇಳಬಹುದು, ಷರತ್ತುಗಳ ಜೊತೆ. ಪುಟ್ಟ ಟಗ್‌ನೊಳಗೆ ಹಾಸಿಗೆ, ಒಲೆ, ಸಿಂಕ್, ಟಾಯ್ಲೆಟ್ ಎಲ್ಲಾ ಅಷ್ಟು ಜಾಗದಲ್ಲೇ ಹಿಡಿಸಿರೋದಕ್ಕೆ ಇದೊಂದೇ ಕಾರಣ ಅಲ್ಲ. ಆದರೆ ಸೇಲ್ಸ್‌ಮನ್‌ಗೆ ಒಳ್ಳೆ ಮಾತಂತೂ ಸಿಕ್ತು. ಕೊಂಡ ಮೇಲೆ ಖರ್ಚು ನಿಲ್ಲಲ್ಲ. ದೋಣಿ ನಿಲ್ಲಿಸೋಕೆ ಬಾಡಿಗೆ, ಇನ್ಶೂರೆನ್ಸ್, ಎಂಜಿನ್ ಸರ್ವಿಸ್. ವರ್ಷಕ್ಕೆ ಬೆಲೆಯ ಹತ್ತನೇ ಒಂದು ಭಾಗ ಎತ್ತಿಡು ಅಂತ ದೋಣಿಯವರು ಹೇಳೋ ಒಂದು ಅಂದಾಜು. ಹೊಸಬರಿಗೆ ದುಡ್ಡಿಗಿಂತ ದೊಡ್ಡ ಹೆದರಿಕೆ ದಕ್ಕೆಗೆ ಹಚ್ಚೋದು. ಗಾಳಿ, ಪ್ರವಾಹ, ಪಕ್ಕದಲ್ಲಿ ಇನ್ನೊಬ್ಬರ ಕೋಟಿ ರೂಪಾಯಿಯ ಬೋಟು. ಅದಕ್ಕೇ ಇವುಗಳಲ್ಲಿ ಮುಂದೆ, ಹಿಂದೆ ಎರಡೂ ಕಡೆ ದೋಣಿಯನ್ನ ಪಕ್ಕಕ್ಕೆ ತಳ್ಳೋ ಚಿಕ್ಕ ಮೋಟಾರ್ ಇರುತ್ತೆ. ಅರವತ್ತು ದಾಟಿದ ಇಬ್ಬರೇ ನಿಭಾಯಿಸಬಹುದು.

ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣದ ಆಸ್ತಿ ಇನ್ನೊಂದಿದೆ: ಜೊತೆ ಮಾಲೀಕರು. ಸ್ಯಾನ್ ವಾನ್ ದ್ವೀಪದಲ್ಲಿ ರೋಶ್ ಹಾರ್ಬರ್ ಅಂತ ಒಂದು ಪುಟ್ಟ ಬಂದರು. 1886ರಿಂದ ಜಾನ್ ಮ್ಯಾಕ್‌ಮಿಲಿನ್ ಎಂಬ ಉದ್ಯಮಿ ಅಲ್ಲಿ ಸುಣ್ಣದ ಭಟ್ಟಿಗಳನ್ನ ನಡೆಸಿದ. ಪೀಪಾಯಿಗಟ್ಟಲೆ ಸುಣ್ಣ ಹಡಗೇರಿ ಹೋಗ್ತಿತ್ತು. ಭಟ್ಟಿಗಳು ಆರಿ ಎಷ್ಟೋ ವರ್ಷ ಆಯ್ತು. ಈಗ ಸೆಪ್ಟೆಂಬರ್‌ನಲ್ಲಿ ಅಲ್ಲಿ ರೇಂಜರ್ ಮಾಲೀಕರ ಜಾತ್ರೆ ಸೇರುತ್ತೆ. ಜಾತ್ರೆ ಅಂತಾನೇ ಅನ್ನಬೇಕು, ಒಂದೇ ಮುಖದ ದೋಣಿಗಳು ಸಾಲುಸಾಲಾಗಿ ನಿಂತಿರೋವಾಗ. ಫ್ಯಾಕ್ಟರಿಯವರೂ ಬರ್ತಾರೆ, ಪಾಠ ಹೇಳ್ತಾರೆ. ಹಳಬರು ಹೊಸಬರನ್ನ ತಮ್ಮ ದೋಣಿಯೊಳಗೆ ಕರೆದು, ಇಲ್ಲಿ ಬ್ಯಾಟರಿ ಹೇಗೆ ಹಾಕಿದೀನಿ ನೋಡು, ಈ ಪೈಪ್ ಸೋರುತ್ತೆ ಹುಷಾರು ಅಂತ ತೋರಿಸ್ತಾರೆ. ನಾರ್ಡಿಕ್ ಟಗ್‌ನವರದ್ದೂ ಇಂಥ ಸಂಘಗಳಿವೆ. ಉತ್ಪಾದನೆ ನಿಂತುಹೋದ ಲಾರ್ಡ್ ನೆಲ್ಸನ್‌ಗೆ ಫ್ಯಾಕ್ಟರಿಯೇ ಇಲ್ಲವಲ್ಲ, ಅಲ್ಲಿ ಮಾಲೀಕರೇ ಸರ್ವಿಸ್ ಮ್ಯಾನ್ಯುಯಲ್!

ನಾನು ನಗೋದು ನಿಲ್ಲಿಸಿದ್ದು ಇಲ್ಲಿ. ಕೆಲಸ ಬಿಟ್ಟ ಮೇಲೆ ಮನುಷ್ಯನಿಗೆ ತಪ್ಪಿಹೋಗೋದು ಸಂಬಳ ಮಾತ್ರ ಅಲ್ಲ, ‘ಈ ವಾಲ್ವ್ ಯಾಕೆ ಹೀಗೆ ಮಾಡ್ತಿದೆ’ ಅಂತ ಕೇಳೋಕೆ ಒಬ್ಬ ಸಹೋದ್ಯೋಗಿ ಕೂಡ. ಅವರು ಕೊಳ್ಳೋದು ದೋಣಿ, ಜೊತೆಗೆ ಬರೋದು ಒಂದು ಸಿಬ್ಬಂದಿ. ಹಾಗಂತ ಇದು ಎಲ್ಲರಿಗೂ ತೆರೆದ ಬಾಗಿಲು ಅಂತ ನಾನು ಹೇಳಲ್ಲ. ಒಳಗೆ ಬರೋಕೆ ಟಿಕೆಟ್ ಒಂದು ಫ್ಲ್ಯಾಟ್‌ನ ಬೆಲೆ.

ಇನ್ನೊಂದು ವಿಚಿತ್ರ. ನಿಧಾನಕ್ಕೆ ಅಂತ ಹುಟ್ಟಿದ ಈ ದೋಣಿ ಈಗ ನಿಧಾನವನ್ನೇ ಬಿಟ್ಟಿದೆ. ಇತ್ತೀಚಿನ 27 ಅಡಿಯ ರೇಂಜರ್‌ಗೆ ಹಿಂದೆ 300 ಎಚ್‌ಪಿ ಔಟ್‌ಬೋರ್ಡ್ ನೇತುಹಾಕಿರ್ತಾರೆ, ಹಳೇ ಆರ್ಥರ್ ಫಾಸ್ ಅದರ ಅಲೆಯಲ್ಲಿ ತೂಗಾಡಬೇಕು. 1979ರ ಕಾರಣ ಹೋಯ್ತು, ಮುಖ ಮಾತ್ರ ಉಳೀತು.

ನಿಜವಾದ ಟಗ್‌ಗಳು? ಅವು ಈಗ ನಮ್ಮಲ್ಲೇ ತಯಾರಾಗ್ತಿವೆ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ 62 ಟನ್ ಎಳೆಯೋ ಶಕ್ತಿಯ ಟಗ್‌ಗಳು ಕಟ್ಟಿ ಹೊರಟಿವೆ. ಅದೇ ಯಾರ್ಡ್‌ಗೆ ನಾರ್ವೆಯಿಂದ ಸರಕು ಹಡಗುಗಳ ಆರ್ಡರ್ ಕೂಡ ಬಂದಿದೆ. ಥಿಯಾ ಫಾಸ್ ಹುಟ್ಟಿದ ದೇಶ. ಆ ಟಗ್‌ಗಳ ಮೇಲೆ ಅಲಂಕಾರದ ಚಿಮಣಿ ಇಲ್ಲ.

ಮಲ್ಪೆ, ಪಣಂಬೂರು, ಕಾರವಾರ ಕಡೆಯವರು ಯಾರಾದ್ರೂ ಕೇಳ್ತಿದ್ರೆ, ಟಗ್‌ನಲ್ಲಿ ದುಡಿದ ಅಪ್ಪ, ಮಾವ, ಅಣ್ಣ ನಿಮ್ಮ ಮನೇಲಿದ್ರೆ, ಒಂದು ವಾಯ್ಸ್ ನೋಟ್ ಕಳಿಸಿ. ಅವರದ್ದೇ ಮಾತಲ್ಲಿ ಒಂದು ಎಪಿಸೋಡ್ ಮಾಡೋಣ.