ಕೃಪೆ, ನಂಬಿಕೆ ಮತ್ತು ಧರ್ಮಶಾಸ್ತ್ರ: ಬಳ್ಳಾರಿ–ಸಂಡೂರು ಸೀಮೆಯ ಕ್ರೈಸ್ತ ಪರಂಪರೆ

ಮನುಷ್ಯ ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ದೇವರ ಕೃಪೆಯಿಂದಲೋ, ದೇವರು ವಿಧಿಸಿದ ಕಟ್ಟಳೆಗಳನ್ನು ಪಾಲಿಸುವುದರಿಂದಲೋ ಎಂಬುದು ಕ್ರೈಸ್ತ ದೈವಶಾಸ್ತ್ರದ ಅತಿ ಹಳೆಯ ವಿವಾದಗಳಲ್ಲಿ ಒಂದು. ಕನ್ನಡ ಬೈಬಲ್ ಈ ಚರ್ಚೆಗೆ ಬಳಸುವ ಮುಖ್ಯ ಪದಗಳು ಮೂರು: ಕೃಪೆ, ನಂಬಿಕೆ, ಧರ್ಮಶಾಸ್ತ್ರ. ಕಥೋಲಿಕರು ಕೃಪೆಗೆ ‘ವರಪ್ರಸಾದ’ ಎಂದೂ ಹೇಳುತ್ತಾರೆ. ಧರ್ಮಶಾಸ್ತ್ರ ಎಂದರೆ ಇಲ್ಲಿ ಮೋಶೆಯ ಮೂಲಕ ಯೆಹೂದ್ಯರಿಗೆ ಬಂದ ಕಟ್ಟಳೆಗಳ ಸಮೂಹ: ಹತ್ತು ಆಜ್ಞೆಗಳು, ಸುನ್ನತಿ, ಸಬ್ಬತ್ತು, ಊಟದ ವಿಧಿ-ನಿಷೇಧಗಳು. ಕನ್ನಡ ನಾಡಿಗೆ ಬಂದಾಗ ಈ ವಿವಾದ ಮೋಶೆಯನ್ನು ಬಹುಮಟ್ಟಿಗೆ ಹಿಂದೆ ಬಿಟ್ಟು ಜಾತಿ, ಪಂಕ್ತಿ, ಕಸುಬುಗಳ ಸುತ್ತ ಬೆಳೆಯಿತು. ಈ ಲೇಖನ ಅದನ್ನು ಬಳ್ಳಾರಿ, ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿವರಿಸುತ್ತದೆ. ಈ ಸೀಮೆಯಲ್ಲಿ ಸಿಗದ ಸಂಗತಿಗಳಿಗೆ ಮಂಗಳೂರಿನ ಕಡೆ ನೋಡಬೇಕಾಗುತ್ತದೆ.

ಅಂತಿಯೋಕ್ಯದ ಊಟ

ವಿವಾದ ಹುಟ್ಟಿದ್ದು ಊಟದ ಪಂಕ್ತಿಯಲ್ಲಿ. ಕ್ರಿ.ಶ. ಒಂದನೇ ಶತಮಾನದ ನಡುಭಾಗದಲ್ಲಿ ಅಂತಿಯೋಕ್ಯದ ಸಭೆಯಲ್ಲಿ ಯೆಹೂದ್ಯ ಮೂಲದ ವಿಶ್ವಾಸಿಗಳೂ ಅನ್ಯಜನಾಂಗದಿಂದ ಬಂದವರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅವರೊಂದಿಗೆ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದ ಮೇಲೆ ಅವನು ಅಂಜಿ ಪಂಕ್ತಿ ಬಿಟ್ಟು ಹಿಂದೆ ಸರಿದ. ಅಪೊಸ್ತಲ ಪೌಲ ಎಲ್ಲರ ಎದುರಿಗೇ ಅವನನ್ನು ಆಕ್ಷೇಪಿಸಿದ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಪೌಲ ಈ ಪ್ರಸಂಗವನ್ನು ಹೇಳುತ್ತಾನೆ. ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ನೀತಿವಂತರಾಗುವುದಿಲ್ಲ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದಲೇ ಆಗುತ್ತಾರೆ ಎಂಬ ಅವನ ಪ್ರಸಿದ್ಧ ವಾದ ಬರುವುದೂ ಅದರ ಬೆನ್ನಿಗೇ.

ಅನ್ಯಜನರು ಸುನ್ನತಿ ಮಾಡಿಸಿಕೊಳ್ಳಬೇಕಾಗಿಲ್ಲವೆಂದು ಯೆರೂಸಲೇಮಿನ ಸಮಾಲೋಚನೆ ತೀರ್ಮಾನಿಸಿದ್ದು ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದಲ್ಲಿದೆ. ಆದರೂ ಕೆಲವು ನಿಷೇಧಗಳನ್ನು ಅದು ಉಳಿಸಿಕೊಂಡಿತು: ವಿಗ್ರಹಕ್ಕೆ ಅರ್ಪಿಸಿದ್ದನ್ನೂ ರಕ್ತವನ್ನೂ ತಿನ್ನಬಾರದು, ಹಾದರ ಸಲ್ಲದು. ಇನ್ನೊಂದು ಕಡೆ, ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರಿಕೆಯೂ ಅದೇ ಹೊಸ ಒಡಂಬಡಿಕೆಯಲ್ಲಿ ಸೇರಿದೆ. ಧರ್ಮಶಾಸ್ತ್ರವನ್ನು ರದ್ದುಮಾಡಲು ತಾನು ಬಂದಿಲ್ಲವೆಂದು ಯೇಸು ಹೇಳುವ ಮಾತು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಮುಂದಿನ ಎರಡು ಸಾವಿರ ವರ್ಷಗಳ ಜಗಳಕ್ಕೆ ಇಷ್ಟು ಸಾಕಾಯಿತು.

ಪಶ್ಚಿಮದ ವಾದಗಳು

ಮನುಷ್ಯ ತನ್ನ ಇಚ್ಛಾಬಲದಿಂದಲೇ ಆಜ್ಞೆಗಳನ್ನು ಪಾಲಿಸಬಲ್ಲನೆಂದ ಪೆಲಾಗಿಯಸನ ಬೋಧನೆಯನ್ನು ಆಗಸ್ಟಿನ್ ವಿರೋಧಿಸಿದ. 418ರ ಕಾರ್ತೇಜ್ ಸಭೆ ಅದನ್ನು ಖಂಡಿಸಿತು. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ನಂಬಿಕೆಯೊಂದರಿಂದಲೇ ನೀತಿ ಎಂದು ಸಾರಿದಾಗ ಪಶ್ಚಿಮದ ಸಭೆ ಒಡೆಯಿತು. ಟ್ರೆಂಟ್ ಮಹಾಸಭೆ 1547ರಲ್ಲಿ ಕೊಟ್ಟ ಉತ್ತರವನ್ನು ಪ್ರೊಟೆಸ್ಟೆಂಟ್ ಬೋಧಕರು ಅನೇಕ ವೇಳೆ ತಪ್ಪಾಗಿ ಚಿತ್ರಿಸಿದ್ದಾರೆ. ಕೃಪೆಯಿಲ್ಲದೆ ಬರಿಯ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವರನ್ನೂ ಟ್ರೆಂಟ್ ಶಪಿಸಿತ್ತು. ಕೃಪೆಯೇ ಮೊದಲು, ಆದರೆ ಮನುಷ್ಯ ಅದಕ್ಕೆ ಒಪ್ಪಿ ಸಹಕರಿಸಬೇಕು, ಆಜ್ಞೆಗಳನ್ನು ಪಾಲಿಸಬೇಕು ಎಂಬುದು ಅದರ ನಿಲುವು.

ಸುಧಾರಣಾಪಂಥಗಳೊಳಗೂ ಒಂದೇ ಮಾತಿರಲಿಲ್ಲ. ಲೂಥರನ 1529ರ ಸಣ್ಣ ಪ್ರಶ್ನೋತ್ತರಿ ಹತ್ತು ಆಜ್ಞೆಗಳಿಂದ ಆರಂಭವಾಗುತ್ತದೆ. ಓದುವವನಿಗೆ ಮೊದಲು ತನ್ನ ಪಾಪದ ಅರಿವಾಗಲಿ ಎಂಬುದು ಉದ್ದೇಶ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿ ಅದೇ ಆಜ್ಞೆಗಳನ್ನು ಕೊನೆಯ ಭಾಗದಲ್ಲಿ, ಬಿಡುಗಡೆ ಹೊಂದಿದವನ ಕೃತಜ್ಞತೆಯ ವಿಷಯದಡಿ ಇಡುತ್ತದೆ. ಎರಡನೆಯ ಕ್ರಮದಲ್ಲಿ ವಿಧೇಯತೆ ರಕ್ಷಣೆಗೆ ತೆತ್ತ ಬೆಲೆಯಾಗದೆ ಅದರ ಫಲವಾಗುತ್ತದೆ. ಕರ್ನಾಟಕಕ್ಕೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಬಹುಪಾಲು ವ್ಯುರ್ಟೆಂಬರ್ಗಿನ ಭಕ್ತಿಪಂಥದಿಂದ ಬಂದವರು. ಈ ಪಂಥಕ್ಕೆ ಒಳಗಿನ ಪರಿವರ್ತನೆಯೇ ಮುಖ್ಯ, ಆದರೆ ಅದು ಹೊರಗಿನ ಕಟ್ಟುನಿಟ್ಟಿನ ನಡತೆಯಲ್ಲಿ ಕಾಣಿಸಲೇಬೇಕು. ಕೃಪೆಯನ್ನು ಸಾರುತ್ತ ನೇಮಗಳ ಪಟ್ಟಿಯನ್ನೂ ಹಿಡಿದುಬಂದವರು ಎಂದು ಅವರ ಬಗ್ಗೆ ಹೇಳುವುದು ಕಟುವಾದರೂ ಸುಳ್ಳಲ್ಲ.

ಬಳ್ಳಾರಿಗೆ ಬಂದ ಬಗೆ

ಕ್ರೈಸ್ತ ಸನ್ಯಾಸಿಗಳು ಈ ಸೀಮೆಯನ್ನು ವಿಜಯನಗರದ ಕಾಲದಲ್ಲೇ ಕಂಡಿದ್ದರು. 1510ರಲ್ಲಿ ಪೋರ್ಚುಗೀಸ್ ಅಧಿಪತಿ ಅಲ್ಬುಕರ್ಕ್ ಕೃಷ್ಣದೇವರಾಯನ ಬಳಿಗೆ ದೂತನಾಗಿ ಕಳಿಸಿದ್ದು ಫ್ರಾನ್ಸಿಸ್ಕನ್ ಸನ್ಯಾಸಿ ಲೂಯಿಸನನ್ನು. ಆದರೆ ಅದು ರಾಜತಂತ್ರದ ಕಥೆ. ನೆಲೆನಿಂತ ಸಭೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. 1800ರಲ್ಲಿ ನಿಜಾಮನಿಂದ ಬಳ್ಳಾರಿ ಸೀಮೆ ಕಂಪನಿಗೆ ದತ್ತವಾಯಿತು, ಬಳ್ಳಾರಿಯಲ್ಲಿ ದಂಡು ಬೀಡುಬಿಟ್ಟಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದ. ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದ. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಫರ್ಡಿನಂಡ್ ಕಿಟೆಲ್‌ನ ಕನ್ನಡ–ಇಂಗ್ಲಿಷ್ ನಿಘಂಟು (1894) ಬರುವ ಎಷ್ಟೋ ಮೊದಲಿನ ಈ ಕೆಲಸ ಇಂದು ಬಳ್ಳಾರಿಯವರಿಗೇ ಮರೆತಂತಿದೆ.

ಮೊದಲ ದಶಕಗಳ ಸಭೆಯಲ್ಲಿ ಕನ್ನಡಿಗರಿಗಿಂತ ದಂಡಿನೊಂದಿಗೆ ಬಂದ ತಮಿಳರೂ ಯುರೋಪಿಯನ್ ಸೈನಿಕರೂ ಹೆಚ್ಚು. ತಮಿಳು ಸಭೆಯನ್ನು ನಡೆಸಿದ ಸ್ಯಾಮ್ಯುಯೆಲ್ ಫ್ಲೇವೆಲ್ ಲಂಡನ್ ಮಿಷನ್ನಿನ ಭಾರತೀಯ ಸಭಾಪಾಲಕರ ಮೊದಲ ತಲೆಮಾರಿನವನು, 1847ರಲ್ಲಿ ತೀರಿಕೊಂಡ. ಹಂಪಿಯ ಜಾತ್ರೆ ಬೋಧಕರಿಗೆ ದೊಡ್ಡ ಅವಕಾಶವಾಗಿತ್ತು: ವಿರೂಪಾಕ್ಷನ ತೇರಿಗೆ ಸೇರಿದ ಜನರ ನಡುವೆ ನಿಂತು ಮಾತಾಡುವುದು, ಬಳ್ಳಾರಿಯಲ್ಲಿ ಅಚ್ಚಾದ ಸಣ್ಣ ಪುಸ್ತಿಕೆಗಳನ್ನು ಹಂಚುವುದು. ತೇರು ಎಳೆದರೆ, ಹರಕೆ ತೀರಿಸಿದರೆ, ನದಿಯಲ್ಲಿ ಮುಳುಗಿದರೆ ಪಾಪ ಕಳೆಯದು ಎಂಬುದು ಅವರ ವಾದದ ತಿರುಳು. ಪೌಲ ಯೆಹೂದ್ಯ ವಿಧಿಗಳ ಬಗ್ಗೆ ಆಡಿದ್ದನ್ನು ಅವರು ತುಂಗಭದ್ರೆಯ ದಡದ ವಿಧಿಗಳಿಗೆ ಹೊಂದಿಸಿದ್ದರು.

ಸಂಡೂರಿನ ಸ್ಥಿತಿ ಬೇರೆ. 1949ರಲ್ಲಿ ಮದ್ರಾಸ್ ಪ್ರಾಂತಕ್ಕೆ ಸೇರುವವರೆಗೆ ಅದು ಘೋರ್ಪಡೆ ಮನೆತನದ ಮರಾಠ ಸಂಸ್ಥಾನ. ಕುಮಾರಸ್ವಾಮಿಯೇ ಅದರ ದೈವ. ಅದರ ಎಲ್ಲೆಯೊಳಗಿನ ರಾಮನದುರ್ಗದ ಬೆಟ್ಟ 19ನೇ ಶತಮಾನದಲ್ಲಿ ಬಳ್ಳಾರಿ ದಂಡಿನ ಸೈನಿಕರಿಗೆ ಆರೋಗ್ಯಧಾಮವಾಗಿತ್ತು, ಅಷ್ಟೆ. ಸಂಡೂರು ಕಣಿವೆಯ ಈಗಿನ ಕ್ರೈಸ್ತರಲ್ಲಿ ಗಣಿ ಮತ್ತು ಉಕ್ಕಿನ ಕೆಲಸ ಹುಡುಕಿಕೊಂಡು ಬೇರೆ ಬೇರೆ ಭಾಷೆಯ ನಾಡುಗಳಿಂದ ಬಂದ ಕುಟುಂಬಗಳೂ ಸೇರಿವೆ.

ಕೇಳುಗರಿಗೆ ಕೃಪೆ ಹೊಸದಾಗಿರಲಿಲ್ಲ

ಬೋಧಕರು ಎದುರು ಕಂಡ ಜನ ಕರ್ಮಠರೇ ಆಗಿದ್ದರೆಂದು ತಿಳಿಯುವುದು ತಪ್ಪು. ವ್ಯಾಸರಾಯರೂ ಪುರಂದರದಾಸರೂ ಓಡಾಡಿದ ಊರು ಹಂಪಿ. ಹರಿದಾಸರಿಗೆ ಹರಿಯ ಕರುಣೆಯಿಲ್ಲದೆ ಸ್ನಾನ-ಜಪಗಳು ವ್ಯರ್ಥ. ಶರಣರಲ್ಲಿ ಪ್ರಸಾದವೇ ಅಷ್ಟಾವರಣಗಳಲ್ಲಿ ಒಂದು. ಶ್ರೀವೈಷ್ಣವರಲ್ಲಂತೂ ಈ ವಿವಾದಕ್ಕೆ ಹೆಸರೇ ಇತ್ತು. ಕೋತಿಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕು, ಬೆಕ್ಕಿನಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಇವನ್ನು ಮರ್ಕಟಕಿಶೋರ, ಮಾರ್ಜಾಲಕಿಶೋರ ನ್ಯಾಯಗಳೆಂದು ಕರೆದು ವಡಗಲೈ-ತೆಂಗಲೈ ಪಂಡಿತರು ವಾದಿಸಿದ್ದರು. ಜರ್ಮನ್ ವಿದ್ವಾಂಸ ರುಡಾಲ್ಫ್ ಆಟೋ 1930ರಲ್ಲಿ ಭಾರತದ ಕೃಪಾಧರ್ಮವನ್ನೂ ಕ್ರೈಸ್ತಧರ್ಮವನ್ನೂ ಹೋಲಿಸಿ ಒಂದು ಗ್ರಂಥವನ್ನೇ ಬರೆದ.

ಅದಕ್ಕೆ 80 ವರ್ಷ ಮೊದಲೇ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದ. ಫರ್ಡಿನಂಡ್ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದ. ದಾಸರ ಪದ ಓದಿದ ಮಿಷನರಿಗೆ ಕೃಪೆ ಎಂಬ ಮಾತು ತಾನು ತಂದುಕೊಟ್ಟದ್ದಲ್ಲವೆಂದು ತಿಳಿಯದೆ ಇರಲಾರದು. ಹಾಗಾದರೆ ಇಲ್ಲಿ ಹೊಸದೇನು? ದೇವರ ಮುಂದೆ ಎಲ್ಲರೂ ಒಂದೇ ಎಂದವರು ಊಟಕ್ಕೂ ಒಂದೇ ಪಂಕ್ತಿಯಲ್ಲಿ ಕೂರಬೇಕು ಎಂಬ ಪಟ್ಟು. ಶರಣರು ಈ ಪಟ್ಟನ್ನು ಮೊದಲೇ ಹಿಡಿದಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

ಪ್ರಭುಭೋಜನ ಮತ್ತು ಜಾತಿ

ದಕ್ಷಿಣದ ಹಳೆಯ ಲೂಥರನ್ ಸಭೆಗಳಲ್ಲಿ ಜಾತಿವಾರು ಕೂರುವುದು, ಪ್ರಭುಭೋಜನದ ಪಾತ್ರೆಗೆ ಜಾತಿಯ ಸರದಿಯಲ್ಲಿ ಬರುವುದು ನಡೆದುಬಂದಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಯನ್ನು ಸಭೆಯೊಳಗೆ ಸಂಪೂರ್ಣ ಬಿಡಬೇಕೆಂದು ಆಜ್ಞೆ ಹೊರಡಿಸಿದ. 1850ರಲ್ಲಿ ಮದ್ರಾಸ್ ಮಿಷನರಿ ಸಮ್ಮೇಳನ ಇನ್ನೂ ಮುಂದೆ ಹೋಗಿ, ಬೇರೆ ಜಾತಿಯವರೊಂದಿಗೆ ಉಂಡು ಜಾತಿ ಬಿಟ್ಟದ್ದನ್ನು ತೋರಿಸದವರಿಗೆ ಪ್ರಭುಭೋಜನ ಕೊಡಕೂಡದೆಂದು ನಿರ್ಣಯಿಸಿತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತದ ಜಿಲ್ಲೆ. ಲೀಪ್ಜಿಗ್ ಮಿಷನ್ನಿನ ಲೂಥರನ್ನರು ಮಾತ್ರ ಒಪ್ಪಲಿಲ್ಲ. ಜಾತಿ ಲೌಕಿಕ ಪದ್ಧತಿ, ಸುವಾರ್ತೆಯ ಬಲದಿಂದ ತಾನಾಗಿ ಕರಗಬೇಕು, ಅದನ್ನು ಬಿಡುವುದನ್ನೇ ರಕ್ಷಣೆಗೆ ಷರತ್ತು ಮಾಡಿದರೆ ಅದೇ ಹೊಸ ಧರ್ಮಶಾಸ್ತ್ರವಾಗುತ್ತದೆ ಎಂಬ ದಿಕ್ಕಿನದು ಅವರ ವಾದ.

ಈ ವಾದ ಕೇಳಲು ಶುದ್ಧ ಲೂಥರನ್. ಆದರೆ ಅದರ ಲಾಭ ಯಾರಿಗೆ ಸಿಕ್ಕಿತು ಎಂದು ಕೇಳಿದರೆ ಬಣ್ಣ ಬದಲಾಗುತ್ತದೆ: ಕಾಯಲು ಹೇಳಿದ್ದು ಹಿಂದಿನ ಸಾಲಿನಲ್ಲಿ ಕೂತವರಿಗೆ. ಅಂತಿಯೋಕ್ಯದಲ್ಲಿ ಪೇತ್ರನೂ ಯಾವ ಸಿದ್ಧಾಂತವನ್ನೂ ಅಲ್ಲಗಳೆದಿರಲಿಲ್ಲ, ಎದ್ದುಹೋಗಿದ್ದ ಅಷ್ಟೆ. ಕಡ್ಡಾಯದ ಸಹಪಂಕ್ತಿಯಲ್ಲಿ ಕಟ್ಟಳೆಯ ಗಡಸು ಇತ್ತು ಎಂಬುದು ನಿಜ. ಒಂದು ಊಟದಿಂದ ಮನಸ್ಸಿನ ಜಾತಿ ಹೋಗದೆಂಬುದೂ ನಿಜ. ಆದರೂ ಪೌಲನ ಪತ್ರಿಕೆಯನ್ನು ಅದರ ಸಂದರ್ಭದಲ್ಲಿಟ್ಟು ಓದಿದರೆ 1850ರ ನಿರ್ಣಯವೇ ಅವನಿಗೆ ಹತ್ತಿರ. 20ನೇ ಶತಮಾನದ ಸಂಶೋಧನೆಯೂ ಈ ಓದಿಗೆ ಬೆಂಬಲವಾಗಿದೆ. ಇ. ಪಿ. ಸ್ಯಾಂಡರ್ಸ್ 1977ರಲ್ಲಿ, ಯೆಹೂದ್ಯರು ಧರ್ಮಶಾಸ್ತ್ರವನ್ನು ಪಾಲಿಸುತ್ತಿದ್ದುದು ರಕ್ಷಣೆಯನ್ನು ಗಳಿಸಲಿಕ್ಕಲ್ಲ, ದೇವರು ಕೃಪೆಯಿಂದ ಮಾಡಿದ ಒಡಂಬಡಿಕೆಯಲ್ಲಿ ಉಳಿಯಲಿಕ್ಕೆ ಎಂದು ತೋರಿಸಿದ. ಜೇಮ್ಸ್ ಡನ್, ಪೌಲ ಟೀಕಿಸಿದ್ದು ಮುಖ್ಯವಾಗಿ ಸುನ್ನತಿ, ಊಟ, ಸಬ್ಬತ್ತುಗಳಂಥ ‘ನಾವು-ಅವರು’ ಗೆರೆಗಳನ್ನು ಎಂದ. ಈ ಅಭಿಪ್ರಾಯವನ್ನು ಎಲ್ಲರೂ ಒಪ್ಪಿಲ್ಲ. ಲೂಥರನ ಓದನ್ನು ಸಮರ್ಥಿಸುವ ಪಂಡಿತರು ಇಂದಿಗೂ ಇದ್ದಾರೆ.

ಕರ್ನಾಟಕದ ಕರಾವಳಿಯಲ್ಲಿ ಜಾತಿ ಬಿಡಬೇಕೆಂಬ ಕಟ್ಟಳೆಯ ಕಠಿಣ ಪರೀಕ್ಷೆ ನಡೆಯಿತು. 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗಲಭೆಯೆದ್ದಿತು. ಅವನು ಬಾಸೆಲಿನಲ್ಲಿ ಓದಿ 1851ರಲ್ಲಿ ಮಿಷನರಿಯಾಗಿ ಮರಳಿದ. ಬಿಲ್ಲವ ಮೂಲದವರಿಗೆ ಸಮಸ್ಯೆ ಬೇರೆ. ಶೇಂದಿ ಇಳಿಸುವ ಕುಲಕಸುಬನ್ನೂ ಭೂತಾರಾಧನೆಯನ್ನೂ ಬಿಟ್ಟೇ ಸಭೆಗೆ ಸೇರಬೇಕಿತ್ತು. ಕಸುಬು ಬಿಟ್ಟವರಿಗೆ ಅನ್ನ ಕೊಡುವವರಾರು? ಬಾಸೆಲ್ ಮಿಷನ್ನಿನ ನೇಯ್ಗೆಯೂ 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯೂ ಬೆಳೆದ ಹಿನ್ನೆಲೆಯಲ್ಲಿ ಈ ಪ್ರಶ್ನೆಯಿದೆ. ಕೃಪೆ ಉಚಿತವಾಗಿದ್ದರೂ ಸಭೆಯ ಸದಸ್ಯತ್ವಕ್ಕೆ ಬೆಲೆಯಿತ್ತು, ಆ ಬೆಲೆಯನ್ನು ತೆರಲು ಮಿಷನ್ನೇ ಸಂಬಳದ ಕೆಲಸವನ್ನೂ ಒದಗಿಸಿತು. ಹಾಗಾಗಿ ಸಭಾಪಾಲಕನ ಮಾತಿಗೆ ವಿಧೇಯನಾಗುವುದೂ ಯಜಮಾನನಿಗೆ ವಿಧೇಯನಾಗುವುದೂ ಬೇರೆಬೇರೆಯಾಗಿ ಉಳಿಯಲಿಲ್ಲ.

ಬಳ್ಳಾರಿಯಲ್ಲಿ 1876–78ರ ಧಾತು ಸಂವತ್ಸರದ ಬರ ನಂಬಿಕೆ-ಅನ್ನಗಳ ಇದೇ ಪ್ರಶ್ನೆಯನ್ನು ಇನ್ನೊಂದು ಮುಖದಿಂದ ತಂದಿತು. ಹಸಿದು ಬಂದವನ ನಂಬಿಕೆಯನ್ನು ಯಾರು ಅಳೆಯುವುದು? ದೀಕ್ಷಾಸ್ನಾನಕ್ಕೆ ಮೊದಲು ಕಲಿಕೆ, ನಡತೆಯ ಪರೀಕ್ಷೆ ಎಂಬ ಕ್ರಮ ಪ್ರೊಟೆಸ್ಟೆಂಟ್ ಮಿಷನ್ನುಗಳಲ್ಲಿ ಇದ್ದೇ ಇತ್ತು.

ಸಂಡೂರಿನಲ್ಲಿ ಪ್ರವೇಶದ ಪ್ರಶ್ನೆ ಕ್ರೈಸ್ತ ಮಿಷನ್ನಿನ ಮೂಲಕವಲ್ಲದೆ ಗುಡಿಯ ಬಾಗಿಲಲ್ಲೇ ಎದ್ದಿತು. 1930ರ ದಶಕದ ಆರಂಭದಲ್ಲಿ, ತಿರುವಾಂಕೂರಿನ 1936ರ ದೇವಾಲಯ ಪ್ರವೇಶ ಘೋಷಣೆಗೆ ಮೊದಲೇ, ಸಂಸ್ಥಾನ ಕುಮಾರಸ್ವಾಮಿ ಗುಡಿಯನ್ನು ಹರಿಜನರಿಗೆ ತೆರೆಯಿತು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಭೇಟಿಕೊಟ್ಟರು.

ಇಂದಿನ ರೂಪ

ಬಳ್ಳಾರಿ ಕಥೋಲಿಕ ಧರ್ಮಕ್ಷೇತ್ರ 1949ರಲ್ಲಿ ಸ್ಥಾಪಿತವಾಯಿತು. ಕಥೋಲಿಕರಲ್ಲಿ ಭಾನುವಾರದ ಬಲಿಪೂಜೆ, ತಪಸ್ಸುಕಾಲದ ಉಪವಾಸ, ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಶ್ರೀಸಭೆಯ ಕಟ್ಟಳೆಗಳು. ಅವುಗಳ ಪಾಲನೆಯನ್ನು ಕೃಪೆಗೆ ಎದುರಾಗಿ ಅವರು ಕಾಣುವುದಿಲ್ಲ, ಸಂಸ್ಕಾರಗಳೇ ವರಪ್ರಸಾದ ಹರಿಯುವ ದಾರಿ. ಲಂಡನ್ ಮಿಷನ್ನಿನ ಸಭೆಗಳು 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಶನಿವಾರದ ಸಬ್ಬತ್ತನ್ನು ಈಗಲೂ ಪಾಲಿಸಬೇಕೆನ್ನುವ ಸೆವೆಂತ್ ಡೇ ಅಡ್ವೆಂಟಿಸ್ಟರು ಹತ್ತು ಆಜ್ಞೆಗಳು ರದ್ದಾಗಿಲ್ಲವೆಂದು ವಾದಿಸುತ್ತಾರೆ. ಪೆಂತೆಕೊಸ್ತ್ ಸಭೆಗಳು ವಿಧಿಗಳನ್ನು ತಳ್ಳಿದರೂ ಕುಡಿತ, ಒಡವೆ, ಸಿನಿಮಾಗಳ ಬಗ್ಗೆ ಅವುಗಳಲ್ಲಿ ಅನೇಕವು ಇಟ್ಟುಕೊಂಡಿರುವ ನೇಮಗಳು ಬಾಸೆಲ್ ಭಕ್ತಿಪಂಥಕ್ಕಿಂತ ಸಡಿಲವಲ್ಲ.

ಮೂಲ ವಿವಾದ ಮಾತ್ರ ಜಾಗತಿಕ ಮಟ್ಟದಲ್ಲಿ ಬಹಳ ತಣ್ಣಗಾಗಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ನೀತೀಕರಣದ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿದವು: ಮನುಷ್ಯನ ಯಾವ ಅರ್ಹತೆಯೂ ಇಲ್ಲದೆ ಕೃಪೆಯಿಂದಲೇ ದೇವರು ಅವನನ್ನು ಸ್ವೀಕರಿಸುತ್ತಾನೆ, ಆ ಕೃಪೆಯೇ ಅವನನ್ನು ಸತ್ಕ್ರಿಯೆಗಳಿಗೆ ಸಿದ್ಧಪಡಿಸುತ್ತದೆ ಎಂಬುದು ಅದರ ಸಾರ. ವಿಶ್ವ ಮೆಥೊಡಿಸ್ಟ್ ಪರಿಷತ್ತು 2006ರಲ್ಲಿ, ಸುಧಾರಿತ ಸಭೆಗಳ ವಿಶ್ವ ಒಕ್ಕೂಟ 2017ರಲ್ಲಿ ಅದಕ್ಕೆ ಸೇರಿಕೊಂಡವು.